ಸೋಮವಾರ ಬಿಚ್ಚಿದ ಎಣ್ಣೆ ತೊಟ್ಟಿ

ಅಪ್ಪ ತೀರಿಕೊಂಡ ಮೇಲೆ ಅವರ ಮೋಟಾರು ಕಾರನ್ನು ದೊಡ್ಡಪ್ಪ ಓಡಿಸತೊಡಗಿದರು. ಕಾರು ನಡೆಸುವುದನ್ನು ಅಪ್ಪ ಕಲಿಸಿದ್ದು ಮಗಳಾದ ನನಗೆ. ಅದನ್ನು ಯಾರೂ ನೆನೆಯಲಿಲ್ಲ. ದೊಡ್ಡಪ್ಪನವರದು ಎತ್ತಿನ ಗಾಡಿ ಹೊಡೆದು ಪಳಗಿದ ಕೈ. ಚಕ್ರ ಜಾಡಿಗೆ ಇಳಿದರೆ ಮಾತ್ರ ಅವರಿಗೆ ಸಮಾಧಾನ. ನರಸೀಪುರದ ದಾರಿಯಲ್ಲಿ ಸುತ್ತೂರಿನಾಚೆ ಗಾಡಿಗಳು ಕೊರೆದ ಜಾಡು ಆಳವಾಗಿತ್ತು, ನಡುವೆ ಉಳಿದ ದಿಬ್ಬದಲ್ಲಿ ಕಲ್ಲಿತ್ತು. ಗಾಡಿಯ ಅಚ್ಚು ಎತ್ತರದಲ್ಲಿರುತ್ತದೆ. ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ ನೆಲಕ್ಕೆ ಹತ್ತಿರ. ಒಂದು ದಿನ ಆ ಕಲ್ಲು ತಗುಲಿ ತೊಟ್ಟಿ ಸೀಳಿತು.

ಎತ್ತುಗಳು ಕಾರನ್ನು ನಂಜನಗೂಡಿನ ಮನೆಗೆ ಎಳೆದು ತಂದವು. ಸುಣ್ಣ ಬೆಲ್ಲ ಕಲಸಿ, ಗೋಡೆಯ ಬಿರುಕಿಗೆ ಮೆತ್ತುವಂತೆ ದೊಡ್ಡಪ್ಪ ಸೀಳಿಗೆ ಮೆತ್ತಿದರು. ಕಾರು ನಿಂತಿದ್ದಷ್ಟು ಹೊತ್ತು ಅದು ಹಿಡಿದಿತ್ತು. ಎಂಜಿನ್ನು ಬಿಸಿಯಾದೊಡನೆ ಉದುರಿತು.

ಅದೇ ವಾರ ತಿರುಮಕೂಡಲು ನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮುಂದಿನ ಮಂಗಳವಾರ ಬೆಳಿಗ್ಗೆ ಹಾಜರಾಗದಿದ್ದರೆ ಅದು ಬೇರೆಯವರಿಗೆ. ಅಲ್ಲಿಗೆ ಬಸ್ಸಿರಲಿಲ್ಲ, ಎತ್ತಿನ ಗಾಡಿಯಾದರೆ ಹಿಂದಿನ ದಿನವೇ ಹೊರಡಬೇಕು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಒಂದು ವರ್ಷ ನಡುಮನೆಯಲ್ಲಿ ಕುಳಿತಿದ್ದೆ. ಇನ್ನೊಂದು ವರ್ಷ ಕೂರುವ ಮನಸ್ಸಿರಲಿಲ್ಲ.

ಅಂಥದೇ ಹಳೆಯ ಕಾರಿನಿಂದ ಬಿಚ್ಚಿದ ತೊಟ್ಟಿಯನ್ನು ಮೈಸೂರಿನಿಂದ ತರಿಸಿದೆ. ಸೋಮವಾರದ ಮೊದಲ ರೈಲಿಗೆ ತೊಟ್ಟಿ ಬಂತು. ಜೊತೆಗೆ ಬರಬೇಕಿದ್ದ ಮೆಕ್ಯಾನಿಕ್ ಬರಲಿಲ್ಲ.

ದೊಡ್ಡಪ್ಪ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಇವತ್ತು ಸೋಮ್ವಾರ ಕಣವ್ವ. ಬಸ್ವಣ್ಣನ ದಿನ. ಎತ್ತಿನ ಎಗಲ ಮ್ಯಾಲೆ ನೊಗ ಇಡಂಗಿಲ್ಲ. ಗಾಡೀನೂ ಇಲ್ಲ, ಕಾರೂ ಇಲ್ಲ. ಮನೇಲಿರು."

"ರಜ ಎತ್ತಿಗೆ, ದೊಡ್ಡಪ್ಪ. ನನಗಲ್ಲ."

ಜಾಕಿಯಿಂದ ಮುಂಭಾಗ ಎತ್ತಿ, ಹಳೆಯ ಗಾಡಿಚಕ್ರಗಳ ನಡುವಿನ ಎರಡು ಮರದ ಗುಂಬಗಳನ್ನು ಅಚ್ಚಿನ ಕೆಳಗೆ ಕೊಟ್ಟೆ. ಕಾರು ಅಲುಗದೆಂದು ಖಚಿತವಾದ ಮೇಲೆ ಕೆಳಗೆ ತೆವಳಿದೆ.

"ಗಂಡಿನ ಕಡೆಯೋರು ಬಂದ್ರೆ ಏನ್ ತೋರ್ಸನ?" ಎಂದರು ದೊಡ್ಡಪ್ಪ. "ಬರೀ ಕಾಲು ಕಾಣ್ತವೆ."

"ಕಾಲು ನೋಡಿಕೊಂಡು ಹೋಗಲಿ."

ಉಳಿದ ಎಣ್ಣೆಯನ್ನು ಬಸಿದು ಬೋಲ್ಟು ಬಿಚ್ಚಿದೆ. ಬಿಚ್ಚಿದ ಕ್ರಮದಲ್ಲೇ ಅವ್ವ ಅವನ್ನು ಮೊರದಲ್ಲಿ ಜೋಡಿಸುತ್ತಾ ಹೋದಳು. ಎಣ್ಣೆ ಸೋರದಂತೆ ತಡೆಯುವ, ತೊಟ್ಟಿಯ ಅಂಚಿನ ಬೆಂಡಿನ ಪಟ್ಟಿ ಚೂರುಚೂರಾಗಿತ್ತು. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಯ ಹಳೆಯ ಚರ್ಮದ ಬಾನಿಯನ್ನು ಸೀಳಿ, ಅಂಚಿನ ಅಳತೆಗೆ ಹೊಸ ಪಟ್ಟಿ ಕತ್ತರಿಸಿ ಎಣ್ಣೆಯಲ್ಲಿ ನೆನೆಸಿದೆ. ತೊಗಲಿಗೆ ಕೈ ಹಾಕಿದ್ದಕ್ಕೆ ಜಗಲಿಯಿಂದ ಇನ್ನೊಂದು ಮಾತು ಬಂತು. ನಾನು ಪಟ್ಟಿಯಲ್ಲಿ ಬೋಲ್ಟಿನ ತೂತು ಕೊರೆದೆ.

ಮೈಸೂರಿನಿಂದ ಬಂದ ತೊಟ್ಟಿ ಭಾರವಾಗಿತ್ತು. ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದರಲ್ಲಿ ಬೋಲ್ಟು ತಿರುಗಿಸಲು ಆಗಲಿಲ್ಲ. ಎರಡು ಸಲ ಜಾರಿತು. ಎರಡನೆಯ ಸಲ ಮೊಣಕೈ ತರಚಿತು. ಅವ್ವ ಸೆರಗು ಬಿಗಿದು ನನ್ನ ಪಕ್ಕಕ್ಕೆ ತೆವಳಿ ಬಂದಳು.

"ನೀನೂವಾ?" ಎಂದರು ದೊಡ್ಡಪ್ಪ.

ಅವ್ವ ಅವರೆದುರು ನಿಂತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಗಂಡನ ಅಣ್ಣನಿಗೆ ಬಾಗಿಲ ಮರೆಯಿಂದಲೇ ಅವಳ ಉತ್ತರ. ಕಾರಿನ ಅಡಿಯಿಂದ ಹೇಳಿದಳು: "ಬಲು ಭಾರ ಐತೆ ಬಾವಾ. ಇಡ್ಕೊಳಕ್ಕೆ ನೀವು ಬತ್ತೀರಾ?"

ಜಗಲಿಯಿಂದ ಸುಣ್ಣದ ಡಬ್ಬಿ ಮುಚ್ಚಿದ ಸದ್ದು ಬಂತು.

ಅವ್ವ ಎರಡು ಅಂಗೈಯಲ್ಲಿ ತೊಟ್ಟಿಯನ್ನು ಒತ್ತಿ ಹಿಡಿದಳು. ಎಲ್ಲ ಬೋಲ್ಟನ್ನೂ ಮೊದಲು ಬೆರಳಿನಿಂದ ತಿರುಗಿಸಿ, ಆಮೇಲೆ ಆ ಬದಿಗೊಂದು ಈ ಬದಿಗೊಂದು ಬಿಗಿದೆ. ಒಂದೇ ಕಡೆ ಬಿಗಿದರೆ ಪಟ್ಟಿ ಓರೆಯಾಗುತ್ತದೆ. ಹೊಸ ಎಣ್ಣೆ ತುಂಬಿ ಎಂಜಿನ್ನು ಶುರುಮಾಡಿದೆ. ಅವ್ವ ಒಳಗೆ ಹೋಗಿ ದೊಡ್ಡಪ್ಪನವರ ಒಗೆದ ಬಿಳಿ ಪಂಚೆ ತಂದು ಎಂಜಿನ್ನಿನ ಅಡಿ ಹಾಸಿದಳು.

"ಅದು ನನ್ ಪಂಚೆ ಕಣಮ್ಮೀ."

"ಗೊತ್ತು ಬಾವಾ."

ಎಂಜಿನ್ನು ಮುಟ್ಟಲಾಗದಷ್ಟು ಬಿಸಿಯಾಗುವವರೆಗೂ ಕಾದೆವು. ದೊಡ್ಡಪ್ಪ ಇಳಿದು ಬಂದು ಮಂಡಿಯೂರಿ ಬಗ್ಗಿ ನೋಡಿದರು. ಪಂಚೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಅದನ್ನು ತಾವೇ ಎತ್ತಿ ಕೊಡವಿ, ಮಡಿಸಿಕೊಂಡು ಒಳಗೆ ಹೋದರು.

ಮಂಗಳವಾರ ಹೊತ್ತು ಹುಟ್ಟುವ ಮೊದಲೇ ನಾನೂ ಅವ್ವನೂ ಹೊರಟೆವು. ದೊಡ್ಡಪ್ಪ ಬಾಗಿಲಲ್ಲಿ ನಿಂತು, "ಜಾಡು ಬುಟ್ಟು ಓಡಿಸ್ಬ್ಯಾಡ" ಎಂದರು.

ಸುತ್ತೂರಿನಾಚೆ ಒಂದು ಬದಿಯ ಚಕ್ರಗಳನ್ನು ನಡುವಿನ ದಿಬ್ಬದ ಮೇಲೆ, ಇನ್ನೊಂದು ಬದಿಯವನ್ನು ರಸ್ತೆಯಂಚಿನ ಏರಿಯ ಮೇಲೆ ಹತ್ತಿಸಿದೆ. ಜಾಡು ಎರಡರ ನಡುವೆ, ಎಣ್ಣೆ ತೊಟ್ಟಿಯ ಅಡಿ, ಖಾಲಿಯಾಗಿ ಸಾಗಿತು. ಮೊದಲ ಗಂಟೆ ಹೊಡೆಯುವಾಗ ನಾನು ಶಾಲೆಯ ಬಾಗಿಲಲ್ಲಿದ್ದೆ, ಉಗುರಿನ ಸಂದಿನಲ್ಲಿ ಕಪ್ಪು ಎಣ್ಣೆ. ಕೈ ಬಚ್ಚಿಡಲಿಲ್ಲ.