ಕಾಲಲ್ಲಿ ತುಳಿದ ಕರೆಂಟು

ಕೊಡಗಿನ ಕಕ್ಕಬೆಯಲ್ಲಿ ಬಸ್ಸಿಳಿದು ಜೀಪು ಹತ್ತಿ ಹೋಗಬೇಕಾದ ಒಂದು ಸರ್ಕಾರಿ ಶಾಲೆಗೆ ನಾನು ಕಂಪ್ಯೂಟರ್ ಟೀಚರಾಗಿ ಸೇರಿದ ವರ್ಷವೇ ಅಲ್ಲಿ ಕರೆಂಟು ಹೋಯಿತು. ಹೋಯಿತು ಎಂದರೆ, ಸಂಜೆ ಹೋಗಿ ಊಟದ ಹೊತ್ತಿಗೆ ಬರುವ ಹಾಗೆ ಅಲ್ಲ. ಜುಲೈ ಗಾಳಿಗೆ ದೊಡ್ಡ ಮರವೊಂದು ಲೈನಿನ ಮೇಲೆ ಬಿತ್ತು. ಕಂಬಗಳು ಒಂದರ ಹಿಂದೆ ಒಂದು ಮಗುಚಿಕೊಂಡವು. ಲೈನ್‌ಮನ್‌ಗಳು ನೆನೆದುಕೊಂಡೇ ಬಂದು ನೋಡಿದರು. "ರಸ್ತೆ ಮೊದಲು ಸರಿಯಾಗ್ಬೇಕು ಮೇಡಂ. ಕಂಬ ತರೋಕೆ ಲಾರಿ ಹತ್ತಬೇಕಲ್ಲ" ಎಂದರು. ಲಾರಿ ಹತ್ತಬೇಕಾದ ರಸ್ತೆಯ ಅರ್ಧ ಭಾಗ ಕೆಳಗಿನ ತೋಟದಲ್ಲಿ ಬಿದ್ದಿತ್ತು.

ನಾನು ಕುಶಾಲನಗರದ ಕಡೆಯವಳು. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ಬೇಸಾಯಕ್ಕೆ ನಿಂತ ಮನೆ ನಮ್ಮದು. ಮಳೆ ಬಂದರೆ ಖುಷಿಪಡುವ ಜನ ನಾವು. ಇಲ್ಲಿಯ ಮಳೆ ನೋಡಿ ಮಾತ್ರ ಮೊದಲ ವಾರವೇ ನನಗೆ ಅಳು ಬಂದಿತ್ತು. ಮಳೆಗಿಂತ ಹೆಚ್ಚು ಅಳು ತರಿಸಿದ್ದು ಬೀರುವಿನಲ್ಲಿದ್ದ ಲ್ಯಾಪ್‌ಟಾಪ್‌ಗಳು. ಯಾರೋ ಪುಣ್ಯಾತ್ಮರು ಶಾಲೆಗೆ ಕೊಟ್ಟಿದ್ದ ಅವುಗಳನ್ನು ಮಕ್ಕಳು ಸರಿಯಾಗಿ ಮುಟ್ಟಿ ನೋಡುವ ಮೊದಲೇ ಚಾರ್ಜು ಮುಗಿದು ಕಪ್ಪು ಹಲಗೆಗಳಾಗಿದ್ದವು.

ಬೇರೆ ದಾರಿ ಕಾಣದೆ, ಉದ್ದ ಜಗಲಿಯ ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ ದೊಡ್ಡ ಕೀಬೋರ್ಡ್ ಬರೆದೆ. ನಾನು ಅಕ್ಷರ ಕೂಗಿದರೆ ಮಕ್ಕಳು ಅದರ ಮೇಲೆ ಹಾರಬೇಕು. ದೊಡ್ಡ ಅಕ್ಷರ ಬೇಕಾದರೆ ಶಿಫ್ಟ್ ಕೀ ಮೇಲೆ ಒಬ್ಬರು ನಿಂತೇ ಇರಬೇಕು. ಆಟ ಚೆನ್ನಾಗಿಯೇ ನಡೆಯಿತು. ಆದರೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು, ಕ್ಲಾಸಿನಲ್ಲೆಲ್ಲ ಬಾಯಿ ಜೋರಾದವಳು, ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು:

"ಮಿಸ್, ನಾವು ಹಾರಿದ್ದು ಎಲ್ಲಿ ಕಾಣ್ತದೆ?"

ನಾನು ಬಗ್ಗಿ, ಅಳಿಸಿಹೋಗಿದ್ದ ಶಿಫ್ಟ್ ಕೀಯನ್ನು ಮತ್ತೆ ತಿದ್ದತೊಡಗಿದೆ.

ಅದೇ ಹೊತ್ತಿಗೆ ಕೊಡೆ ಮಡಚುತ್ತ ಜಗಲಿ ಹತ್ತಿದವರು ಸುಬೇದಾರರು. ಶಾಲೆಯ ಪಕ್ಕದ ಮನೆಯವರು, ಮನೆಯಲ್ಲಿ ಅರೆಭಾಷೆ ಆಡುವ ಗೌಡರು, ಮಿಲಿಟರಿಯಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಶಾಲೆಯಲ್ಲಾದರೂ ಕರೆಂಟಿರಬಹುದೆಂದು ಫೋನ್ ಹಿಡಿದು ಬಂದಿದ್ದರು. ಇಲ್ಲೂ ಇಲ್ಲವೆಂದು ಗೊತ್ತಾದ ಮೇಲೂ ಹೋಗದೆ ನಿಂತು, ಮಕ್ಕಳು ಹಾರುವುದನ್ನೇ ನೋಡಿದರು.

"ಇಷ್ಟು ಕುಣೀತಾರಲ್ಲ ಟೀಚರೇ, ಈ ಕಾಲುಗಳಿಗೆ ಒಂದು ಡೈನಮೋ ಕಟ್ಟಿದ್ರೆ ಸಾಕು" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ತಮಾಷೆ ಅಲ್ಲ. ನಾನು ಸರ್ವಿಸ್‌ಗೆ ಸೇರಿದಾಗ ವೈರ್‌ಲೆಸ್ ಸೆಟ್ಟಿಗೆ ಕೈಯಲ್ಲಿ ತಿರುಗಿಸೋ ಜನರೇಟರ್ ಇತ್ತು. ಒಬ್ಬ ಕೂತು ತಿರುಗಿಸೋದು, ಇನ್ನೊಬ್ಬ ಮಾತಾಡೋದು. ಗುಡ್ಡದ ಮೇಲೆ ಯಾವ ಕಂಬ, ಯಾವ ಲೈನು? ತೋಳೇ ಲೈನು."

ಅಂದೇ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಶೆಡ್ಡಿನಲ್ಲಿ ಓಡದೆ ನಿಂತ ಅವರ ಹಳೆಯ ಜೀಪಿತ್ತು. ಎಂಜಿನ್ ತಿರುಗಿದಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅದರಲ್ಲಿ ಹಾಗೇ ಇತ್ತು. ಎಂಜಿನ್ ಬದಲು ನಮ್ಮ ಕಾಲು ಅದನ್ನು ತಿರುಗಿಸಬೇಕು, ಕೆಲಸ ಅಷ್ಟೇ. ಸುಬೇದಾರರು ಜೀಪಿನ ಕೆಳಗೆ ತೂರಿಕೊಂಡರು. ಕಾಫಿ ತಂದ ಅವರ ಹೆಂಡತಿ, ಕೆಳಗಿನಿಂದ ಹೊರಗೆ ಕಾಣುತ್ತಿದ್ದ ಎರಡು ಕಾಲುಗಳನ್ನು ನೋಡಿ, "ಮುದ್ಕಂಗೆ ಬೇರೆ ಕೆಲ್ಸ ಇಲ್ಲೆ" ಎಂದು ನನಗೆ ಲೋಟ ಕೊಟ್ಟರು. ಆಮೇಲೆ ತಾವೇ ಹೋಗಿ ಅಟ್ಟದಿಂದ ಹಳೆಯ ಸೈಕಲ್ಲನ್ನು ಧೂಳು ಒರೆಸಿ ಇಳಿಸಿದರು.

ಸೈಕಲ್ಲನ್ನು ಮರದ ಚೌಕಟ್ಟಿಗೆ ಬಿಗಿದು ಹಿಂದಿನ ಚಕ್ರ ನೆಲ ಮುಟ್ಟದಂತೆ ನಿಲ್ಲಿಸಿದೆವು. ಆ ಚಕ್ರದ ಟೈರು ತೆಗೆದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಹಳೆಯ ಬೆಲ್ಟು ಹಾಕಿ ಆಲ್ಟರ್ನೇಟರಿಗೆ ಕೂಡಿಸಿದೆವು. ಬೆಲ್ಟು ಥಂಡಿಗೆ ಜಾರಿತು. ರಿಮ್ಮಿಗೆ ಟ್ಯೂಬಿನ ರಬ್ಬರ್ ಸುತ್ತಿದೆವು, ಹಿಡಿಯಿತು. ಸುಬೇದಾರರು ಸೀಟಿನ ಮೇಲೆ ಕೂತು ಪೆಡಲ್ ತುಳಿದರು. ಚಕ್ರ ಗರಗರ ತಿರುಗಿತು, ತಂತಿಯ ತುದಿಗೆ ಕಟ್ಟಿದ್ದ ಜೀಪಿನ ಬಲ್ಬು ಮಾತ್ರ ಕಣ್ಣು ಬಿಡಲಿಲ್ಲ. ಮತ್ತೆ ತುಳಿದರು. ನಾನು ತುಳಿದೆ. ಬಲ್ಬು ಸುಮ್ಮನಿತ್ತು.

"ನಮ್ಮ ಜನರೇಟರ್ ಹೀಗೆ ಸತಾಯಿಸ್ತಿರಲಿಲ್ಲ" ಎಂದರು ಅವರು, ಬೆವರು ಒರೆಸಿಕೊಳ್ಳುತ್ತ.

ಆ ಮಾತೇ ನನ್ನನ್ನು ಕೊರೆಯಿತು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದರೊಳಗೆ ಆಯಸ್ಕಾಂತವಿತ್ತು. ಇದರೊಳಗೆ ಬರೀ ತಂತಿಯ ಸುರುಳಿ. ಸುರುಳಿ ಆಯಸ್ಕಾಂತವಾಗಬೇಕಾದರೆ ಮೊದಲು ಅದಕ್ಕೇ ಸ್ವಲ್ಪ ಕರೆಂಟು ಕೊಡಬೇಕು! ಜೀಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ನಾನು ಮಳೆಯಲ್ಲೇ ನನ್ನ ಬಾಡಿಗೆ ಕೋಣೆಗೆ ಓಡಿ, ರಸ್ತೆ ಕುಸಿದಂದಿನಿಂದ ಅಲ್ಲೇ ನಿಂತಿದ್ದ ನನ್ನ ಸ್ಕೂಟರಿನ ಬ್ಯಾಟರಿ ಬಿಚ್ಚಿ ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಅದನ್ನು ಸುರುಳಿಯ ತುದಿಗೆ ಜೋಡಿಸಿದೆವು. ಸುಬೇದಾರರು ತುಳಿಯತೊಡಗಿದರು. ಪೆಡಲ್ ಒಮ್ಮೆಲೇ ಭಾರವಾಗಿ ಅವರು "ಅರೇ!" ಎನ್ನುವುದಕ್ಕೂ ಬಲ್ಬು ಕಣ್ಣು ಕುಕ್ಕುವಂತೆ ಹೊತ್ತಿಕೊಳ್ಳುವುದಕ್ಕೂ ಸರಿಹೋಯಿತು. ನಾನು ಕಿರುಚಿದೆ. ಅವರ ಹೆಂಡತಿ ಏನೋ ಅನಾಹುತವಾಯಿತೆಂದು ಸೌಟು ಹಿಡಿದೇ ಓಡಿಬಂದರು. ಬೆಳಕು ನೋಡಿ, "ಇಳಿರಿ ಇಳಿರಿ, ನಾನೊಮ್ಮೆ ತುಳೀತೇನೆ" ಎಂದು ಗಂಡನನ್ನು ಸೀಟಿನಿಂದ ಎಬ್ಬಿಸಿದರು.

ಶಾಲೆಗೆ ಅದನ್ನು ಮೆರವಣಿಗೆಯಲ್ಲೇ ತಂದೆವು. ಕಾರಿನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡುವ ಅಡಾಪ್ಟರನ್ನು ನಾಪೋಕ್ಲು ಪೇಟೆಯಲ್ಲಿ ಹುಡುಕಿ ತಂದಿದ್ದೆ. ಎತ್ತರದವರು ಸರದಿಯಲ್ಲಿ ತುಳಿದರು, ಕಾಲು ಎಟುಕದವರು ಸುತ್ತ ನಿಂತು ಕೂಗಿದರು. ಪರದೆ ನೀಲಿಯಾಗಿ ಬೆಳಗಿ ಆ ಪುಟ್ಟ ಸಂಗೀತ ಕೇಳಿದಾಗ ಇಡೀ ಜಗಲಿ ಎದ್ದು ಕುಣಿಯಿತು. ಬಾಯಿ ಜೋರಿನ ಹುಡುಗಿಯನ್ನು ಕರೆದು ಮುಂದೆ ಕೂರಿಸಿದೆ. ಅವಳು ಒಂದೊಂದೇ ಕೀ ಹುಡುಕಿ ತನ್ನ ಹೆಸರು ಒತ್ತಿ, ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಿಂದೆ ತುಳಿಯುತ್ತಿದ್ದವನು ಏದುಸಿರು ಬಿಡುತ್ತ, "ಬೇಗ ಬರಿಯೇ, ನಿನ್ನ ಹೆಸರು ತುಂಬಾ ಉದ್ದ ಉಂಟು" ಎಂದ.

ಆಮೇಲಿನ ದಿನಗಳ ಪಾಠ ನಾನು ಕಲಿಸಿದ್ದಲ್ಲ, ಅವರ ಕಾಲುಗಳೇ ಕಲಿಸಿದ್ದು. ಎರಡನೇ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಪೆಡಲ್ ಏರುದಾರಿಯಂತಾಗುತ್ತದೆ. ಪರದೆಯ ಬೆಳಕು ತಗ್ಗಿಸಿದರೆ ಮೊಣಕಾಲು ಹಗುರ. ಮೊದಲು ಎಲ್ಲ ಬೆಳಕನ್ನೂ ಪೂರ್ತಿ ಏರಿಸುತ್ತಿದ್ದವರು, ಒಂದು ಸರದಿ ತುಳಿದ ಮೇಲೆ ತಾವಾಗಿಯೇ ತಗ್ಗಿಸಿ ಕೂರುತ್ತಿದ್ದರು.

ಸುದ್ದಿ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೂ ಮುಟ್ಟಿತು. ಮೊಬೈಲ್ ಟವರಿಗೆ ಡೀಸೆಲ್ ಜನರೇಟರ್ ಇದ್ದುದರಿಂದ ಸಿಗ್ನಲ್ ಬರುತ್ತಿತ್ತು. ಅದನ್ನು ಹಿಡಿಯುವ ಫೋನುಗಳಲ್ಲೇ ಜೀವವಿರಲಿಲ್ಲ. ಒಂದು ಮಧ್ಯಾಹ್ನ, ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದಿದ್ದ ಹೆಂಗಸೊಬ್ಬಳು ತಲೆಗೆ ಗೊಬ್ಬರದ ಚೀಲ ಹೊದ್ದು ಬಂದು ಬಾಗಿಲಲ್ಲಿ ನಿಂತಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನನ್ನು ಎದೆಗೆ ಒತ್ತಿಕೊಂಡಿದ್ದಳು.

"ಮಿಸ್, ಮೇರಾ ಫೋನ್ ಭೀ ಚಾರ್ಜ್ ಆಗ್ತದಾ?"

ಸುಬೇದಾರರು ಹಿಂದಿಯಲ್ಲಿ ಮಾತಾಡಿಸಿದರು. ಮಗನನ್ನು ಊರಿನಲ್ಲಿ ತಾಯಿಯ ಬಳಿ ಬಿಟ್ಟು ಬಂದಿದ್ದಾಳೆ. ಅಲ್ಲೂ ನೆರೆ ಎಂದು ಯಾರೋ ಹೇಳಿದ್ದಾರೆ. ಫೋನ್ ಆರಿದಂದಿನಿಂದ ಅವಳಿಗೆ ಏನೂ ಗೊತ್ತಿಲ್ಲ. ಮಕ್ಕಳು ತಾವು ತುಳಿಯುತ್ತೇವೆಂದು ನುಗ್ಗಿದರು. ಅವಳು ತಲೆಯಾಡಿಸಿ ತಾನೇ ಹತ್ತಿ ಕೂತಳು. ಎಂದೂ ಸೈಕಲ್ ತುಳಿದವಳಲ್ಲ. ಕಾಲು ಮತ್ತೆ ಮತ್ತೆ ಜಾರಿತು. ಕೊನೆಗೆ ಲಯ ಸಿಕ್ಕಿ, ಹಲ್ಲು ಕಚ್ಚಿ ತುಳಿದಳು ನೋಡಿ, ಚೌಕಟ್ಟೇ ಅಲುಗಾಡಿತು!

ಫೋನಿನ ಪರದೆ ಬೆಳಗಿತು. ಟಿಣ್ ಟಿಣ್ ಎಂದು ಮೆಸೇಜುಗಳು ಬಿದ್ದವು. ಅವಳು ಇಳಿಯಲೇ ಇಲ್ಲ, ಸೀಟಿನ ಮೇಲೆ ಕೂತೇ ಕರೆ ಮಾಡಿದಳು. ಆ ಕಡೆ ಪರದೆಯಲ್ಲಿ ಮೊದಲು ಒಂದು ಮೂಗು ಕಂಡಿತು, ಆಮೇಲೆ ಬೋಳು ತಲೆಯ ಪುಟ್ಟ ಮಗು. ಅವರ ಭಾಷೆ ನಮಗೆ ತಿಳಿಯಲಿಲ್ಲ. ಅವಳು ಅಳುತ್ತ ನಗುತ್ತ ಇದ್ದಳು. ಮಗ ಏನೋ ಕೇಳಿದ. ಅವಳು ಫೋನನ್ನು ಕೆಳಗೆ ತಿರುಗಿಸಿ ತನ್ನ ಕಾಲು, ಪೆಡಲ್, ಚಕ್ರ ಎಲ್ಲ ತೋರಿಸಿದಳು. ಮತ್ತೆ ತುಳಿದೂ ತೋರಿಸಿದಳು. ಅಲ್ಲಿಂದ ಜೋರು ನಗು ಕೇಳಿತು.

"ಏನಂತೆ?" ಎಂದು ಸುಬೇದಾರರು ಕೇಳಿದರು.

"ಮನೆ ಒಳಗೆ ನೀರು ಬಂದಿಲ್ಲ ಸಾಬ್, ಎಲ್ಲರೂ ಅಚ್ಛಾ ಇದ್ದಾರೆ" ಎಂದು ಅವಳು ಕಣ್ಣೊರೆಸಿಕೊಂಡಳು. "ಬೇಟಾ ಹೇಳ್ತಾನೆ, ಅಮ್ಮ ಸೈಕಲ್ ಮೇಲೆ ಮನೆಗೆ ಬರ್ತಾ ಇದಾಳೆ ಅಂತ."

ಮಕ್ಕಳೆಲ್ಲ ಫೋನಿಗೆ ಮುತ್ತಿಕೊಂಡು ಆ ಹುಡುಗನಿಗೆ ಕೈ ಬೀಸಿದರು.

ಮರುದಿನದಿಂದ ಸಂಜೆ ಜಗಲಿಯಲ್ಲಿ ಜಾತ್ರೆಯೇ. ತಮಿಳು, ಮಲಯಾಳ, ಕೊಡವ, ತುಳು ಎಲ್ಲ ಭಾಷೆಯಲ್ಲೂ ಕರೆ ಹೋಗುತ್ತಿತ್ತು. ಒಂದೇ ನಿಯಮ: ಮಾತಾಡುವವರೇ ತುಳಿಯಬೇಕು. ವಯಸ್ಸಾದವರಿಗೆ ಮಾತ್ರ ಮಕ್ಕಳು ತುಳಿದುಕೊಟ್ಟರು.

ಕಂಬ ನಿಂತು ಕರೆಂಟು ಬಂದಾಗ ಕ್ಲಾಸು ನಡೆಯುತ್ತಿತ್ತು. ಟ್ಯೂಬ್‌ಲೈಟು ಮಿಣುಕಿ ಹೊತ್ತಿತು. ಮಕ್ಕಳು ತಲೆಯೆತ್ತಿ, "ಅಯ್ಯೋ!" ಎಂದರು. ನಿಜ ಹೇಳಬೇಕೆಂದರೆ ನನ್ನ ಬಾಯಿಂದಲೂ ಅದೇ ಬಂತು. ಸೈಕಲ್ಲನ್ನು ಮೂಲೆಗಿಡಲು ಯಾರೂ ಒಪ್ಪಲಿಲ್ಲ. ಗೆಳೆಯರು ಟೈಪ್ ಮಾಡುವಾಗ ಹಿಂದಿನಿಂದ ತುಳಿಯುವ ಸುಖ ಗೋಡೆಯ ಪ್ಲಗ್ಗಿನಲ್ಲಿ ಸಿಗುವುದಿಲ್ಲವಂತೆ.

ಮುಂದಿನ ವರ್ಷ ಮಳೆಗೆ ಮೊದಲು, ಸೋಮವಾರಪೇಟೆ ಕಡೆಯ ಒಂದು ಶಾಲೆಯವರು ತಮಗೂ ಮಾಡಿಕೊಡಲು ಕೇಳಿದರು. ಸುಬೇದಾರರು ಇಸ್ತ್ರಿ ಮಾಡಿದ ಶರ್ಟು ಹಾಕಿ, ಗುಜರಿಯಲ್ಲಿ ಹುಡುಕಿದ ಇನ್ನೊಂದು ಆಲ್ಟರ್ನೇಟರನ್ನು ಚೀಲಕ್ಕೆ ತುಂಬಿ ನನ್ನೊಡನೆ ಹೊರಟರು. ಬಸ್ಸಿನಲ್ಲಿ ತೊಡೆಯ ಮೇಲೆ ಭಾರದ ಚೀಲ ಇಟ್ಟುಕೊಂಡು ಕೂತಿದ್ದ ಅವರನ್ನು ಕಂಡಕ್ಟರ್ ನೋಡಿದ.

"ಏನ್ ಯಜಮಾನ್ರೇ, ಚೀಲ್ದಾಗೆ ಏನೈತೆ?"

"ಕರೆಂಟು" ಎಂದರು ಸುಬೇದಾರರು, ಮುಖ ಗಂಭೀರವಾಗಿಟ್ಟುಕೊಂಡು.

ಕಂಡಕ್ಟರ್ ಚೀಲವನ್ನೊಮ್ಮೆ ಎತ್ತಿ ನೋಡಿ, "ಇಷ್ಟು ಭಾರದ ಕರೆಂಟಾ? ಹಂಗಾದ್ರೆ ಲಗೇಜು ಹಾಕ್ತೀನಿ" ಎಂದು ಟಿಕೆಟ್ ಹರಿದುಕೊಟ್ಟ.