ಪೆಂಗ್ವಿನ್ ಗೂಡಿನ ಕಲ್ಲು

ಕಾಫಿ ಕೊಯ್ಲಿನ ಸಮಯದಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರು ನಮ್ಮ ಗಾಳಿಬೀಡಿನಲ್ಲಿ ಯಾರೂ ಇರಲಿಕ್ಕಿಲ್ಲ. ನಾವು ಬಿಟ್ಟೆವು, ಅದೂ ಪೆಂಗ್ವಿನ್ ನೋಡಲಿಕ್ಕೆ.

ಆಸೆ ನನ್ನ ಗಂಡನದು. ಮಡಿಕೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮೇಲೆ ಅವರು ಟಿವಿಯ ಮುಂದೆ ಕೂತು ಕಲಿತದ್ದೆಲ್ಲ ಪ್ರಾಣಿಗಳ ವಿಷಯ. ನಾನು ತೋಟ ನೋಡಿಕೊಂಡು, ಮನೆಯ ಹಿಂದೆ ಹಂದಿ ಸಾಕುವವಳು. ನನಗೆ ಪ್ರಾಣಿಗಳನ್ನು ನೋಡಲು ದಕ್ಷಿಣ ಧ್ರುವದವರೆಗೆ ಹೋಗುವ ಅಗತ್ಯ ಕಂಡಿರಲಿಲ್ಲ. ಆದರೆ ಮದುವೆಯಾದಾಗಿನಿಂದ ಆ ಮನುಷ್ಯ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ. ಆ ವರ್ಷ ಕಾಫಿಗೂ ಒಳ್ಳೆಯ ಬೆಲೆ ಇತ್ತು. ಬೆಂಗಳೂರಿನಿಂದ ಒಂದು ತಂಡ ಹೊರಡುತ್ತದೆ, ಹಡಗಿನಲ್ಲಿ ನಮ್ಮ ಊಟವೇ ಸಿಗುತ್ತದೆ ಎಂದು ಅವರು ಅಳುಕುತ್ತ ಹೇಳಿದಾಗ ನಾನು ಹೂಂ ಎಂದುಬಿಟ್ಟೆ. ಕೊಯ್ಲನ್ನೂ ಹಂದಿಗಳನ್ನೂ ಮೈದುನನಿಗೆ ಒಪ್ಪಿಸಿ ಹೊರಟೆವು.

ಅರ್ಜೆಂಟೀನಾದ ತುತ್ತತುದಿಯ ಬಂದರಿನಲ್ಲಿ ಹಡಗು ಹತ್ತಿದ ಸಂಜೆಯೇ ಸಮುದ್ರ ಕೆರಳಿತು. ಹಡಗಿನವರು ಕಾರಿಡಾರಿನ ಕಂಬಿಗಳ ಉದ್ದಕ್ಕೂ ಕಾಗದದ ಚೀಲಗಳನ್ನು ಸಿಕ್ಕಿಸಿಟ್ಟರು. ಅವು ಯಾಕೆಂದು ರಾತ್ರಿಯೊಳಗೆ ಎಲ್ಲರಿಗೂ ತಿಳಿಯಿತು. ಮಾರನೆಯ ದಿನ ಊಟದ ಕೋಣೆಗೆ ಹೋದರೆ ಒಂದು ಕಡೆ ಬಿಸಿಬೇಳೆಬಾತಿನ ಒಗ್ಗರಣೆ, ಇನ್ನೊಂದು ಕಡೆ ವಾಂತಿಯ ಹುಳಿ ವಾಸನೆ. ಎರಡೂ ಸೇರಿ ಕಾರ್ಪೆಟ್ಟಿಗೆ ಹತ್ತಿಕೊಂಡದ್ದು ನಾವು ಇಳಿಯುವವರೆಗೂ ಹೋಗಲಿಲ್ಲ. ಇವತ್ತಿಗೂ ನಾನು ಬಿಸಿಬೇಳೆಬಾತ್ ತಿನ್ನುವುದಿಲ್ಲ.

ನಮ್ಮ ಪಕ್ಕದ ಕ್ಯಾಬಿನ್ನಿನಲ್ಲಿ ಬೆಂಗಳೂರಿನ ಒಬ್ಬ ಬಿಲ್ಡರ್ ಮತ್ತು ಅವನ ಹೆಂಡತಿ ಇದ್ದರು. ಅವನಿಗೆ ಐವತ್ತರ ಆಸುಪಾಸು, ದೊಡ್ಡ ದನಿ, ಕೈತುಂಬ ಉಂಗುರ. ಹೆಂಡತಿ ಅವನಿಗಿಂತ ಬಹಳ ಚಿಕ್ಕವಳು. ಮಾತೇ ಆಡುತ್ತಿರಲಿಲ್ಲ, ಅವನು ಹೇಳಿದ ಕಡೆ ನಿಂತು ಅವನ ಫೋಟೋ ತೆಗೆಯುತ್ತಿದ್ದಳು. ನಾವು ಕೊಡಗಿನವರೆಂದು ತಿಳಿದದ್ದೇ ಅವನು ಕುರ್ಚಿ ಎಳೆದುಕೊಂಡು ಬಂದ.

"ಕೂರ್ಗಾ ಸರ್? ನಿಮ್ಮೂರಲ್ಲೂ ನಮ್ದೊಂದು ರೆಸಾರ್ಟ್ ಬರ್ತಾ ಇದೆ. ಗಾಳಿಬೀಡು ಕಡೆ."

"ನಾವು ಗಾಳಿಬೀಡೇ," ಎಂದರು ನನ್ನ ಗಂಡ, ಸಂತೋಷದಿಂದ.

"ಹೌದಾ? ಆ ಮೇಲಿನ ಗುಡ್ಡ ಗೊತ್ತಲ್ಲ, ಅದನ್ನ ಹಿಂದಿಂದ ಕಟ್ ಮಾಡಿಸಿದೀವಿ. ರೂಮಿಂದ ಡೈರೆಕ್ಟ್ ವ್ಯೂ."

ಆ ಗುಡ್ಡ ನನಗೆ ಗೊತ್ತಿತ್ತು. ಅದರ ಕೆಳಗಿನ ಗದ್ದೆಗೆ ಎರಡು ಮಳೆಗಾಲದಿಂದ ಕೆಂಪು ಕೆಸರು ಇಳಿಯುತ್ತಿದೆ. ಆ ಗದ್ದೆಯವಳು ನನ್ನ ಜೊತೆ ಶಾಲೆಗೆ ಬಂದವಳು. ಅವಳ ಬಾವಿಯ ನೀರು ಈಗ ದನಕ್ಕೂ ಆಗುವುದಿಲ್ಲ. ನಾನು ಅದನ್ನು ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿ, "ಡೆವಲಪ್‌ಮೆಂಟ್ ಅಂದ್ರೆ ಸ್ವಲ್ಪ ಆಗುತ್ತೆ ಮೇಡಂ," ಎಂದು ನನ್ನ ಗಂಡನ ಲೋಟಕ್ಕೆ ವಿಸ್ಕಿ ಸುರಿದ. ಅವರು ಕುಡಿದರು. ಆಮೇಲೆ ದಿನಾ ಸಂಜೆ ಅದೇ ಮೇಜು, ಅದೇ ವಿಸ್ಕಿ.

ಮೊದಲ ದ್ವೀಪ ಕಾಣುವ ಮೊದಲೇ ಮೂಗಿಗೆ ಬಂತು. ಗಾಳಿ ನಮ್ಮ ಕಡೆ ತಿರುಗಿದ್ದೇ ಡೆಕ್ಕಿನ ಮೇಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ದಿನಾ ಹಂದಿಗೂಡು ತೊಳೆಯುವವಳು, ನನಗೆ ವಾಸನೆ ಹೊಸದಲ್ಲ. ಇದು ಬೇರೆ. ಕೊಳೆತ ಸಿಗಡಿ ಮತ್ತು ಉಚ್ಚೆ ಸೇರಿ ಗಂಟಲಿನೊಳಗೆ ಕೂರುವಂಥದ್ದು. ರಬ್ಬರ್ ದೋಣಿಯಲ್ಲಿ ದಡಕ್ಕೆ ಇಳಿಸಿದರು. ಬಿಳಿ ಹಿಮ ಎಂದು ಟಿವಿಯಲ್ಲಿ ನೋಡಿದ್ದು ಹತ್ತಿರದಿಂದ ನೋಡಿದರೆ ನಸುಗೆಂಪು ಹಿಕ್ಕೆಯ ಕೆಸರು. ಪೆಂಗ್ವಿನ್‌ಗಳು ಅದರಲ್ಲೇ ನಿಂತು, ಅದರಲ್ಲೇ ಬಿದ್ದು, ಒಂದು ಇನ್ನೊಂದರ ಮೈಮೇಲೆ ಪಿಚಕಾರಿ ಹೊಡೆದಂತೆ ಹೇಲುತ್ತಿದ್ದವು.

"ಎಂತ ಚೆಂದ ಉಟ್ಟು ನೋಡು," ಎಂದರು ನನ್ನ ಗಂಡ. ನಾವಿಬ್ಬರೇ ಇರುವಾಗ ಮಾತಾಡುವುದು ಅರೆಭಾಷೆಯಲ್ಲಿ, ಅದರಲ್ಲಿ ಉಟ್ಟು ಎಂದರೆ ಇದೆ. ಅವರ ಕಣ್ಣಲ್ಲಿ ನೀರಿತ್ತು. ಚಳಿಗೋ ವಾಸನೆಗೋ ಎಂದು ನಾನು ಕೇಳಲಿಲ್ಲ.

ಹಕ್ಕಿಗಳ ಬಗ್ಗೆ ನನಗೆ ಹೇಸಿಗೆಯೇನೂ ಇರಲಿಲ್ಲ. ಅವಕ್ಕೆ ಅಲ್ಲಿ ನೀರಿನ ನಲ್ಲಿಯಿಲ್ಲ, ಪೊರಕೆಯಿಲ್ಲ. ಹೇಸಿಗೆಯಾದದ್ದು ನಮ್ಮವರ ಬಗ್ಗೆ. ಹಕ್ಕಿಗಳಿಂದ ಇಷ್ಟು ದೂರ ಇರಬೇಕು, ದಾರಿಯಲ್ಲಿ ಹಕ್ಕಿ ಬಂದರೆ ನಾವು ನಿಲ್ಲಬೇಕು, ದಡದಿಂದ ಏನನ್ನೂ ಎತ್ತಬಾರದು ಎಂದು ಹಡಗಿನ ತಂಡದ ಮುಖ್ಯಸ್ಥೆ, ಯುರೋಪಿನ ಒಬ್ಬ ಎತ್ತರದ ಹೆಂಗಸು, ಪದೇ ಪದೇ ಹೇಳಿದ್ದಳು. ಹೊರಗಿನ ಬೀಜ, ಮಣ್ಣು ದಡ ಸೇರದಂತೆ ನಮ್ಮ ಜೇಬುಗಳನ್ನು ಮೆಷಿನ್ ಹಾಕಿ ಗುಡಿಸಿ, ಬೂಟು ತೊಳೆಸಿ ಇಳಿಸಿದ್ದಳು. ದಡಕ್ಕೆ ಕಾಲಿಟ್ಟ ಕೂಡಲೇ ನಮ್ಮ ತಂಡದಲ್ಲೊಬ್ಬರು ಫೋನಿನಲ್ಲಿ ಹಾಡು ಹಾಕಿದರು. ಇನ್ನೊಬ್ಬರು ಸೀರೆಯುಟ್ಟು ಬಂದಿದ್ದರು, ಕೋಟು ಕಳಚಿ ಸೆರಗು ಹಾರಿಸುತ್ತ ಹಕ್ಕಿಗಳ ದಾರಿಯಲ್ಲಿ ನಿಂತರು. ಸಮುದ್ರದಿಂದ ಹೊಟ್ಟೆ ತುಂಬಿಸಿಕೊಂಡು ಮರಿಗೆ ಉಣಿಸಲು ಬಂದ ಹಕ್ಕಿಗಳು ಸಾಲಾಗಿ ಕಾದು ನಿಂತವು. ಫೋಟೋ ಮುಗಿಯಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಚಿರತೆಯಂತೆ ಮಚ್ಚೆಯಿದ್ದ ಒಂದು ಸೀಲ್ ನಮ್ಮ ದೋಣಿಯ ಪಕ್ಕದಲ್ಲೇ ಒಂದು ಪೆಂಗ್ವಿನ್ ಹಿಡಿಯಿತು. ಅದನ್ನು ನೀರಿಗೆ ಬಡಿದು ಬಡಿದು ಚರ್ಮ ಸುಲಿದು ಬಿಸಾಡಿತು. ಅದು ಅದರ ಊಟ, ನಾನೇನೂ ಅನ್ನುವುದಿಲ್ಲ. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಬಿಲ್ಡರ್ "ಒನ್ಸ್ ಮೋರ್" ಎಂದ. ಹಡಗಿಗೆ ಹತ್ತಿದವರು ಕೈ ತೊಳೆದರೋ ಇಲ್ಲವೋ, ಬಜ್ಜಿಯ ತಟ್ಟೆಗಳಿಗೆ ಮುಗಿಬಿದ್ದರು. ಅರ್ಧ ತಿಂದು ಬಿಟ್ಟ ಬಜ್ಜಿಗಳ ಮೇಲೆ ಟೊಮೆಟೊ ಸಾಸ್ ಹರಿದು ಬಿದ್ದದ್ದು ನೋಡಿ ನಾನು ಕಾರಿಡಾರಿಗೆ ಹೋಗಿ ಕಂಬಿಯಿಂದ ಒಂದು ಕಾಗದದ ಚೀಲ ಎಳೆದುಕೊಂಡೆ. ಸಮುದ್ರ ಆ ಹೊತ್ತಿಗೆ ಶಾಂತವಾಗಿಯೇ ಇತ್ತು.

ಎರಡನೆಯ ದ್ವೀಪದಲ್ಲಿ ನಾನು ಒಂದು ಬಂಡೆಯ ಹತ್ತಿರ ನಿಂತು ಒಂದೇ ಹಕ್ಕಿಯನ್ನು ನೋಡುತ್ತ ಉಳಿದೆ. ಅದು ದಡಕ್ಕೆ ಹೋಗಿ, ಒಂದೊಂದೇ ಕಲ್ಲನ್ನು ಮೂಸಿದಂತೆ ಮಾಡಿ, ಒಂದನ್ನು ಕೊಕ್ಕಿನಲ್ಲಿ ಹಿಡಿದು ಗುಡ್ಡ ಹತ್ತಿತು. ಎರಡು ಸಲ ಜಾರಿ ಬಿತ್ತು. ಗೂಡಿನಲ್ಲಿ ಕೂತಿದ್ದ ಜೋಡಿಯ ಮುಂದೆ ಕಲ್ಲನ್ನಿಟ್ಟು ಬಗ್ಗಿತು. ಅವಕ್ಕೆ ಹುಲ್ಲಿಲ್ಲ, ಕಡ್ಡಿಯಿಲ್ಲ, ಕಲ್ಲೇ ಗೂಡು. ಹಿಮ ಕರಗಿದ ನೀರು ಮರಿಯ ಕೆಳಗೆ ನಿಲ್ಲದಂತೆ ಕಾಯುವುದು ಆ ಕಲ್ಲಿನ ರಾಶಿ.

ಆ ರಾತ್ರಿ ಊಟದ ಮೇಜಿನಲ್ಲಿ ಬಿಲ್ಡರ್ ಸಾಕ್ಸಿನೊಳಗಿಂದ ಒಂದು ಕಲ್ಲು ತೆಗೆದು ಮೇಜಿನ ಮೇಲಿಟ್ಟ. ಕೋಳಿಮೊಟ್ಟೆಯಷ್ಟು, ಬೂದು ಬಣ್ಣ, ಒಂದು ಕಡೆ ನಸುಗೆಂಪು ಹಿಕ್ಕೆ ಒಣಗಿ ಅಂಟಿತ್ತು.

"ಗೂಡಿಂದಾನೇ ಎತ್ತಿದ್ದು. ಒರಿಜಿನಲ್," ಎಂದ. "ಕೂರ್ಗ್ ರೆಸಾರ್ಟಿನ ರಿಸೆಪ್ಷನ್ನಲ್ಲಿ ಗಾಜಿನ ಬಾಕ್ಸಲ್ಲಿ ಇಡ್ತೀನಿ."

ಮೇಜಿನವರು ನಕ್ಕರು. ಕಲ್ಲು ಕೈಯಿಂದ ಕೈಗೆ ಹೋಯಿತು, ಅನ್ನ ಕಲೆಸಿದ ಕೈಗಳಿಗೂ. ನನ್ನ ಗಂಡನ ಕೈಗೆ ಬಂದಾಗ ಅವರು ಅದನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ," ಎಂದರು. ಹಡಗಿನ ಕಾರ್ಪೆಟ್ಟಿನ ಮೇಲೆ ನಾನು ಕಂಡ ಯಾವುದೂ ನನಗೆ ಅಷ್ಟು ಅಸಹ್ಯ ಹುಟ್ಟಿಸಿರಲಿಲ್ಲ.

"ಅದನ್ನ ಯಾಕೆ ತಂದ್ರಿ?" ಎಂದು ಬಿಲ್ಡರನನ್ನು ಕೇಳಿದೆ.

"ಒಂದು ಕಲ್ಲು ಮೇಡಂ. ಪೆಂಗ್ವಿನ್ನೇ ಪಕ್ಕದ ಪೆಂಗ್ವಿನ್ ಹತ್ರ ಕದಿಯುತ್ತೆ. ಹಡಗಿನ ಲೆಕ್ಚರಲ್ಲೇ ಹೇಳಿದ್ರಲ್ಲ."

"ಅದು ಮರಿ ಸಾಕಲಿಕ್ಕೆ ಕದಿಯೋದು. ನಿಮಗೆ ಎಂತಕ್ಕೆ?"

"ಅಯ್ಯೋ, ಸಾವಿರಾರು ಕಲ್ಲಿದೆ ಅಲ್ಲಿ. ತಮಾಷೆಗೆ ಇಷ್ಟೊಂದು ಸೀರಿಯಸ್ ಆಗ್ಬೇಡಿ."

ನನ್ನ ಗಂಡ ಮೇಜಿನ ಕೆಳಗಿಂದ ನನ್ನ ಮೊಣಕಾಲು ಒತ್ತಿದರು. ನಾನು ಕಾಗದದ ಕರವಸ್ತ್ರದಲ್ಲಿ ಆ ಕಲ್ಲನ್ನು ಸುತ್ತಿಕೊಂಡು ಎದ್ದೆ. ಅವನು ಹಿಂದಿನಿಂದ ಏನೋ ಕೂಗಿದ. ನೇರ ಮುಖ್ಯಸ್ಥೆಯ ಕೋಣೆಗೆ ಹೋಗಿ, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ನಡೆದದ್ದನ್ನು ಹೇಳಿ, ಕಲ್ಲು ಕೊಟ್ಟೆ. ಅದನ್ನು ಮತ್ತೆ ಅದೇ ಗೂಡಿಗೆ ಇಡುತ್ತೀರಾ ಎಂದು ಕೇಳಿದೆ. ಅವಳು ತಲೆಯಲ್ಲಾಡಿಸಿದಳು. ಹಡಗು ಹೊರಟಾಗಿತ್ತು, ಇನ್ನು ಅಲ್ಲಿಗೆ ಹೋಗುವುದಿಲ್ಲ. ಬೇರೆ ದ್ವೀಪದಲ್ಲಿ ಇಡುವಂತೆಯೂ ಇಲ್ಲ, ಒಂದು ಕಡೆಯ ರೋಗ ಇನ್ನೊಂದು ಕಡೆಗೆ ಅಂಟಬಹುದು. ಅವಳು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಕಂಬಿಯ ಆಚೆ ಕೈ ಚಾಚಿ ಕಲ್ಲನ್ನು ಸಮುದ್ರಕ್ಕೆ ಬಿಟ್ಟಳು. ಬಿದ್ದ ಸದ್ದೂ ಕೇಳಲಿಲ್ಲ. ನಿಯಮ ಇರಬಹುದು. ಆದರೆ ಆ ಹಕ್ಕಿ ಜಾರುತ್ತ ಹೊತ್ತು ತಂದದ್ದು ಹೀಗೆ ಮುಗಿಯಿತಲ್ಲ ಎಂದು ನನ್ನ ಬಾಯಿ ಕಹಿಯಾಯಿತು.

ಕ್ಯಾಬಿನ್ನಿನಲ್ಲಿ ನನ್ನ ಗಂಡ ಬೂಟು ಬಿಚ್ಚುತ್ತ, "ಸುಮ್ನೆ ಇರಿಕೆ ಗೊತ್ತಿಲ್ಲೆನಾ ನಿಂಗೆ?" ಎಂದರು.

"ನೀವು ಚೆನ್ನಾಗಿದೆ ಹೇಳ್ದರಲ್ಲ, ಎಂತ ಚೆಂದ ಇತ್ತು ಅದರ್ಲಿ?"

ಅವರು ಎರಡನೆಯ ಬೂಟನ್ನೂ ಬಿಚ್ಚಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು.

ಮುಖ್ಯಸ್ಥೆ ಬಿಲ್ಡರನಿಗೆ ಮತ್ತೆ ದಡಕ್ಕೆ ಇಳಿಯುವ ಅವಕಾಶ ಕೊಡಲಿಲ್ಲ. ಅವನು ಕೂಗಾಡಿದ, ಕೋರ್ಟಿಗೆ ಹೋಗುವುದಾಗಿ ಹೇಳಿದ. ನಮ್ಮ ತಂಡದ ಮ್ಯಾನೇಜರ್, ಅಲ್ಲಿಯತನಕ ನನ್ನನ್ನು ಅಮ್ಮಾ ಎನ್ನುತ್ತಿದ್ದವನು, ಬಂದು, "ನಮ್ಮವರನ್ನೇ ಹೀಗೆ ಹಿಡಿದುಕೊಡೋದಾ ಮೇಡಂ?" ಎಂದು ಕೇಳಿದ.

"ಆ ಹಕ್ಕಿಗಳ ಹತ್ರ ಹೋಗಿ ಕೇಳಿ," ಎಂದೆ. ನಾವು ಕೂತ ಮೇಜಿಗೆ ಮತ್ತೆ ಯಾರೂ ಬರಲಿಲ್ಲ. ಸೀರೆಯವರು ನನ್ನನ್ನು ಕಂಡರೆ ಸೆರಗು ಸರಿಪಡಿಸಿಕೊಂಡು ದಾಟಿ ಹೋಗುತ್ತಿದ್ದರು. ನನ್ನ ಗಂಡ ನನ್ನ ಎದುರು ಕೂತು ತಟ್ಟೆಯನ್ನೇ ನೋಡುತ್ತ ಉಣ್ಣುತ್ತಿದ್ದರು. ಸಂಜೆ ವಿಸ್ಕಿಯ ಮೇಜಿಗೆ ಹೋಗಲೂ ಇಲ್ಲ, ನನ್ನ ಜೊತೆ ಮಾತಾಡಲೂ ಇಲ್ಲ.

ಕೊನೆಯ ಸಲ ಇಳಿಸಿದ್ದು ಹಿಂದಿನ ಕಾಲದವರು ತಿಮಿಂಗಿಲ ಬೇಯಿಸಿ ಎಣ್ಣೆ ತೆಗೆಯುತ್ತಿದ್ದ ಒಂದು ದ್ವೀಪದಲ್ಲಿ. ಕಪ್ಪು ಮರಳಿನ ಮೇಲೆ ಮನೆಯಷ್ಟು ದೊಡ್ಡ ತುಕ್ಕು ಹಿಡಿದ ಹಂಡೆಗಳು, ಅವುಗಳ ಮುಂದೆ ಬಿಳಿಚಿಕೊಂಡ ಬೆನ್ನುಮೂಳೆಗಳು. ನಮ್ಮ ತಂಡದವರು ಒಂದು ಮೂಳೆಯ ಹಿಂದೆ ಸಾಲಾಗಿ ನಿಂತು ಗ್ರೂಪ್ ಫೋಟೋಗೆ ನನ್ನ ಗಂಡನನ್ನು ಮಾತ್ರ ಕರೆದರು. "ಸರ್, ನೀವು ಬನ್ನಿ."

ಅವರು ಹೋಗಲಿಲ್ಲ. ಒಂದು ಹಂಡೆಯ ಹತ್ತಿರ ನಾನು ನಿಂತಲ್ಲಿಗೆ ಬಂದರು. ಸ್ವಲ್ಪ ಹೊತ್ತು ಅದರ ಒಳಗೆ ಇಣುಕಿದರು.

"ಅವ ಗುಡ್ಡ ಕಡ್ದದ್ದು ಹೇಳುವಾಗ್ಲೇ ನಾ ಎದ್ದು ಬರೆಕಿತ್ತು," ಎಂದರು.

ಅವರ ಮೂಗಿನಿಂದ ನೀರು ಸೋರುತ್ತಿತ್ತು, ಜೇಬಿನಿಂದ ಬಟ್ಟೆ ತೆಗೆದು ಕೊಟ್ಟೆ. ಇಬ್ಬರೂ ದೋಣಿ ಬರುವವರೆಗೆ ಅಲ್ಲೇ ನಿಂತೆವು.

ಬಂದರಿನಲ್ಲಿ ಸಾಮಾನಿಗಾಗಿ ಸಾಲು ನಿಂತಿದ್ದಾಗ ಬಿಲ್ಡರನ ಹೆಂಡತಿ ನನ್ನ ಹಿಂದೆ ಬಂದು ನಿಂತಳು. ಅವಳ ಗಂಡ ದೂರದಲ್ಲಿ ಟ್ಯಾಕ್ಸಿಯವನ ಮೇಲೆ ರೇಗುತ್ತಿದ್ದ. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಆಗಲೇ.

"ಆಂಟಿ, ನೀವು ಮಾಡಿದ್ದು ಸರಿ. ಅವರು ಕಲ್ಲು ಎತ್ತುವಾಗ ಮರಿ ಹೊರಗೆ ಉರುಳಿತು. ಮರಿಗಳನ್ನ ತಿನ್ನೋ ಆ ದೊಡ್ಡ ಕಂದು ಹಕ್ಕಿ ಇರುತ್ತಲ್ಲ, ಅದು ಬಂದು ಎತ್ಕೊಂಡು ಹೋಯ್ತು. ನನ್ನ ಫೋನಲ್ಲಿ ವೀಡಿಯೋ ಇದೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

ಅವಳು ಫೋನನ್ನು ಎದೆಗೆ ಒತ್ತಿಕೊಂಡು ಗಂಡನ ಕಡೆ ನೋಡಿದಳು. "ನಿಮಗೆ ಕಳಿಸ್ಲಾ?" ಎಂದು ಮೆಲ್ಲಗೆ ಕೇಳಿದಳು.

ಬೇಡ ಎಂದೆ. ಪೆಟ್ಟಿಗೆ ಬಂತು, ಎತ್ತಿಕೊಂಡು ಹೊರಟೆ. ವಿಮಾನದಲ್ಲಿ ಊಟ ಬಂದಾಗ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಹಾಗೆಯೇ ವಾಪಸು ಕೊಟ್ಟೆ.