ತಿರುವಿನ ನಳ

ಮದುವೆಯಾಗಿ ನವಲಗುಂದಕ್ಕೆ ಬಂದ ಹೊಸದರಲ್ಲಿ ನನ್ನ ಕನಸಿನ ತುಂಬ ನೀರೇ. ಕಲಘಟಗಿ ಕಡೆಯ ತವರಿನಲ್ಲಿ ಹಿತ್ತಲಲ್ಲೇ ಬಾವಿ. ಇಲ್ಲಿ ಬೆಳಕು ಹರಿಯುವ ಮುಂಚೆ ಕೆರೆಗೆ ನಡೆಯಬೇಕು. ಎರೆಹೊಲಗಳ ಮೇಲೆ ಮಂಜು ಕೂತಿರುತ್ತಿತ್ತು, ನಾನು ಅರ್ಧ ನಿದ್ದೆಯಲ್ಲೇ ಅದರೊಳಗೆ ಹೊಕ್ಕು ಹೊರಬರುತ್ತಿದ್ದೆ. ಮೊದಲಿನಿಂದಲೂ ಹಗಲುಗನಸಿನವಳು ನಾನು. "ಈಕಿ ಕೊಡಾ ಹೊತ್ತಾಳೋ, ಕೊಡಾನ ಈಕೀನ್ನ ಹೊತ್ತೈತೋ" ಎಂದು ಅತ್ತೆ ನಗುತ್ತಿದ್ದರು.

ಆ ದಾರಿಯಲ್ಲಿ ನನಗೆ ಜೊತೆಯಾದವಳು ಕೇರಿಯ ಒಬ್ಬ ಹೆಂಗಸು, ನನ್ನದೇ ವಯಸ್ಸಿನವಳು. ನಮ್ಮ ಓಣಿ ಮುಗಿಯುವ ತಿರುವಿನಲ್ಲಿ ಅವರ ಕೇರಿ ಶುರು. ಇಬ್ಬರೂ ಬಾಯ್ತುಂಬ ಮಾತಾಡುತ್ತ ಹೋಗುತ್ತಿದ್ದೆವು, ಆದರೆ ನಡುವೆ ಒಂದು ಮಾರು ಜಾಗ ಬಿಟ್ಟು. ಅವರನ್ನು ಮುಟ್ಟಬಾರದೆನ್ನುವ ಕಾಲ. ಕೆರೆಯಲ್ಲೂ ಅವರು ನೀರು ತುಂಬುವ ದಂಡೆ ಬೇರೆ, ದೂರದ್ದು, ಬರೀ ಕೆಸರು. ಒಂದು ಮುಂಜಾನೆ ಆಕೆ, "ನಿಮ್ಮ ಓಣ್ಯಾಗ ನಳಾ ಹಾಕ್ತಾರಂತ್ರಿ. ನಮಗೂ ತುಂಬಾಕ ಬರೂಹಂಗ ಹಾಕ್ತಾರೇನ್ರಿ?" ಎಂದಳು. ನಾನು ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ನಡೆದೆ. ಆದರೆ ಅಂದಿನಿಂದ ನನಗೆ ಬೀಳುವ ಕನಸಿನಲ್ಲಿ ಆಕೆಯ ಕೊಡವೂ ಇರುತ್ತಿತ್ತು.

ಪುರಸಭೆಯ ಓವರ್‌ಸಿಯರ್ ಬಂದರು. ಒಳ್ಳೆಯ ಮನುಷ್ಯ. ಗುಡಿಯ ಕಟ್ಟೆಯ ಮೇಲೆ ಜಮಖಾನ ಹಾಸಿಸಿ, "ಓಣಿ ನಿಮ್ದು. ಗಟಾರ ಎಲ್ಲಿ, ದೀಪ ಎಲ್ಲಿ, ನಳಾ ಎಲ್ಲಿ, ಎಲ್ಲಾರೂ ಕೂಡಿ ಹೇಳ್ರಿ" ಎಂದರು. ಅವರೇ ಹೇಳಿಕಳಿಸಿದ್ದರಿಂದ ಕೇರಿಯ ಹಿರಿಯರೂ ಬಂದು ಕಟ್ಟೆಯ ಕೆಳಗೆ ನಿಂತಿದ್ದರು. ನಾವು ಹೆಂಗಸರು ಬಾಗಿಲ ಮರೆಯಲ್ಲಿ. ಗಟಾರ, ದೀಪ ಬೇಗ ಮುಗಿದವು. ನಳದ ಮಾತು ಬಂತು ನೋಡಿ. ಓಣಿಯ ಹಿರಿಯರು ಮೇಲಿನ ತುದಿಯೇ ಆಗಬೇಕೆಂದರು. ಅಲ್ಲಿ ಹಾಕಿದರೆ ಕೇರಿಯ ಕೊಡ ಹತ್ತಿರ ಸುಳಿಯುವುದಿಲ್ಲ ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. "ಆತು, ನಾಳೆ ಮತ್ತ ಕೂಡೂಣು" ಎಂದ ಓವರ್‌ಸಿಯರ್ ಹೋಗುವ ಮುಂಚೆ ಓಣಿ ಅಳೆಸಿದರು. ಎಲ್ಲಿವರೆಗೆ ಅಳೆದದ್ದು ಎಂದು ಗುರುತಿಗೆ ತಿರುವಿನಲ್ಲಿ ಒಂದು ಕಲ್ಲು ನೆಟ್ಟು ಸುಣ್ಣ ಬಳಿಸಿದರು.

ಮರುದಿನ ಶುಕ್ರವಾರ. ಹೂವು ತರಲು ಹೋದ ಅತ್ತೆ ಆ ಕಲ್ಲನ್ನು ನೋಡಿದರು. ನೆಟ್ಟ ಕಲ್ಲು, ಮೇಲೆ ಸುಣ್ಣ. ಕೂಟ ಮುಗಿದ ಮೇಲೆ ನಳದ ಜಾಗ ನಿಕ್ಕಿಯಾಗಿದೆ, ಗಂಡಸರಿಗೆ ಪೂಜೆಯ ನೆನಪು ಎಲ್ಲಿಂದ ಬರಬೇಕು ಎಂದುಕೊಂಡರು. ಮನೆಗೆ ಬಂದವರೇ ಅರಿಷಿಣ, ಕುಂಕುಮ, ಅಕ್ಕಿ, ಕುಬಸದ ಖಣ ತೆಗೆದುಕೊಂಡು ಹೋಗಿ ನೀರಿನ ತಾಯಿ ಗಂಗವ್ವನೆಂದು ಆ ಕಲ್ಲಿಗೆ ಉಡಿ ತುಂಬಿಬಿಟ್ಟರು. ಹಿಂದೆಯೇ ಓಣಿಯ ಹೆಂಗಸರೆಲ್ಲ ಆರತಿ ಹಿಡಿದು ಬಂದರು.

ಕೂಟಕ್ಕೆ ಬಂದ ಓಣಿಯ ಹಿರಿಯರೊಬ್ಬರು ಹಣೆ ಚಚ್ಚಿಕೊಂಡರು. "ಏನ್ ಮಾಡಿದ್ರೆವ್ವಾ! ಅದು ಬರೇ ಅಳತೀ ಕಲ್ಲು! ಕಿತ್ತು ಮ್ಯಾಲೆ ಒಯ್ಯೂಣು."

ಅತ್ತೆಯ ಮುಖ ಸುಣ್ಣವಾಯಿತು. ಎದುರಿಗೇ ಕೇರಿಯ ಮೊದಲ ಮನೆ. ತಾನು ಎಂಥ ಕೆಲಸ ಮಾಡಿದೆನೆಂದು ಅವರಿಗೆ ಆಗಲೇ ಹೊಳೆದದ್ದು. ಮಡಿ ಮಡಿ ಎಂದು ನನ್ನ ಪ್ರಾಣ ತಿನ್ನುತ್ತಿದ್ದವರು! ನನಗೆ ಒಳಗೊಳಗೇ ನಗು, ಜೊತೆಗೆ ಹೆದರಿಕೆ. ಆದರೆ ತುಂಬಿದ ಉಡಿಯನ್ನು ಬಿಚ್ಚುವುದುಂಟೆ? ಅತ್ತೆ ಸೆರಗು ಬಿಗಿದು ಕಲ್ಲಿನ ಮುಂದೆ ನಿಂತರು. "ಉಡಿ ತುಂಬೇನ್ರಿ. ಉಡಿ ತುಂಬಿದ ಗಂಗವ್ವನ್ನ ಕೀಳವ್ರು ಯಾರದೀರಿ, ಮುಂದ ಬರ್ರಿ."

ಯಾರೂ ಬರಲಿಲ್ಲ. "ಹಂಗಾರ ಇಲ್ಲೇ ಹಾಕಸ್ಲೇನ್ರಿ?" ಎಂದು ಓವರ್‌ಸಿಯರ್ ಕೇಳಿದರು. ಕೇರಿಯ ಹಿರಿಯರೊಬ್ಬರು ಮೆಲ್ಲಗೆ "ಹಾಕಸ್ರಿ" ಎಂದರು. ಓಣಿಯವರು ನೆಲ ನೋಡುತ್ತ ನಿಂತರು. ಅತ್ತೆ ಅವತ್ತು ಊಟ ಮಾಡಲಿಲ್ಲ.

ಚಳಿಗಾಲಕ್ಕೆ ನೀರು ಬಂತು. ನಾನಾಗ ತುಂಬು ಬಸುರಿ. ಕೊಡ ಎತ್ತಲಾರೆನೆಂದು ಅತ್ತೆ ತಾವೇ ಹೊರಟರು, ನಾನು ಹಿಂದೆ. ಮೂತಿಯನ್ನು ಕೆಳಗಿನಿಂದ ಒತ್ತಿ ಹಿಡಿದರೆ ಮಾತ್ರ ನೀರು ಬಿಡುವ ನಳ ಅದು. ಅತ್ತೆಯ ಬೆರಳುಗಳಿಗೆ ವಾತ, ಎರಡು ಸಲ ಒತ್ತಿ ಕೈಬಿಟ್ಟರು. ಕೆರೆಯ ದಾರಿಯ ನನ್ನ ಗೆಳತಿ ಕೊಡ ಇಟ್ಟುಕೊಂಡು ರೂಢಿಯಂತೆ ಒಂದು ಮಾರು ದೂರ ನಿಂತಿದ್ದಳು. ಅತ್ತೆ ಅವಳನ್ನು ನೋಡಿದರು, ನಳವನ್ನು ನೋಡಿದರು.

"ನೋಡ್ಕೋಂತ ಯಾಕ ನಿಂತಿ? ಬಾ ಇಲ್ಲೆ, ಒತ್ತು."

ಆಕೆ ಬಂದು ಒತ್ತಿದಳು. ಆಕೆಯ ಬೆರಳುಗಳ ಮೇಲಿಂದಲೇ ನೀರು ನಮ್ಮ ಹಿತ್ತಾಳೆಯ ಕೊಡಕ್ಕೆ ಬಿತ್ತು. ನಾನು ಕನಸಿನಲ್ಲಿ ಕೇಳಿದ್ದಕ್ಕಿಂತ ದೊಡ್ಡ ಸಪ್ಪಳ.

ಮನೆಯ ಹೊಸ್ತಿಲಿಗೆ ಬಂದ ಅತ್ತೆ ಅಲ್ಲೇ ನಿಂತುಬಿಟ್ಟರು. ಕೊಡ ಇನ್ನೂ ಸೊಂಟದ ಮೇಲೆ. ಅಂಗಳಕ್ಕೆ ಚೆಲ್ಲಿಬಿಡುತ್ತಾರೆ ಎಂದುಕೊಂಡೆ; ಚೆಲ್ಲಿದರೆ ಇವರ ಜೊತೆ ಮತ್ತೆ ಮಾತಾಡಲಾರೆ ಎನ್ನಿಸಿತು. ಅವರು ಒಳಗೆ ಹೋದರು. ಕುಡಿಯುವ ನೀರಿನ ಹರವಿಗೆ ಕೊಡ ಬಗ್ಗಿಸಿದರು. ತಂಬಿಗೆಯಲ್ಲಿ ಮೊಗೆದು, ಕಣ್ಣು ಮುಚ್ಚಿ, ಮೊದಲು ತಾವು ಕುಡಿದರು. ಆಮೇಲೆ ತಂಬಿಗೆಯನ್ನು ನನ್ನ ಕೈಗಿಟ್ಟರು.

"ಕುಡಿ. ಹೊಟ್ಯಾಗಿನ ಕೂಸೂ ಕುಡೀಲಿ."